ಹೋಂಸ್ಟೇ, ಕಾಫಿಪುಡಿ, ಜೇನು ವ್ಯಾಪಾರಕ್ಕೆ ಮೇಲ್ ಸಾಫ್ಟ್‌ವೇರ್: ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ ತೆಗೆಯೋದು ಹೇಗೆ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ಹೋಂಸ್ಟೇ ನಡೆಸುವವರು, ಸ್ವಂತ ತೋಟದ ಕಾಫಿ ಹುರಿದು ಪುಡಿ ಮಾಡಿ ಕೊರಿಯರ್‌ಗೆ ಹಾಕುವವರು, ಜೇನು, ಕಾಳುಮೆಣಸು, ಏಲಕ್ಕಿ ಪ್ಯಾಕ್ ಮಾಡುವವರು ತುಂಬ ಜನ ಈಗ ಒಂದೇ ಸಲ ತುಂಬ ಜನಕ್ಕೆ ಮೇಲ್ ಕಳಿಸುವ ಒಂದಲ್ಲ ಒಂದು ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾರೆ. ಮೇಲ್‌ಚಿಂಪ್, ಬ್ರೆವೋ, ಝೋಹೋ ಕ್ಯಾಂಪೇನ್ಸ್, ಯಾವುದೋ ಒಂದು. ಆದರೆ ಬಳಸುವುದು ಎಷ್ಟು? ದಸರಾಕ್ಕೆ ಒಂದು ಪೋಸ್ಟರ್, ಹೊಸ ವರ್ಷಕ್ಕೆ ಇನ್ನೊಂದು ಪೋಸ್ಟರ್, ಲಿಸ್ಟ್‌ನಲ್ಲಿ ಇರುವ ಎಲ್ಲರಿಗೂ ಒಂದೇ ಸಲ ಸೆಂಡ್. ಇಷ್ಟಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಾ?

ಈ ಸಾಫ್ಟ್‌ವೇರ್‌ಗಳು ನಿಜವಾಗಿ ಉಪಯೋಗಕ್ಕೆ ಬರೋದು ಬೇರೆ ಒಂದು ವಿಷಯಕ್ಕೆ. ಈ ಮೇಲ್ ಯಾರಿಗೆ ಹೋಗಬಾರದು ಅಂತ ಅದಕ್ಕೆ ಹೇಳಿ ಇಡಬಹುದು. ಮೊನ್ನೆ ತಾನೇ ಕಾಫಿಪುಡಿ ತರಿಸಿಕೊಂಡವರಿಗೆ "ಕಾಫಿ ಬೇಕಾ" ಅಂತ ಹೋಗಬಾರದು. ನಿಮ್ಮ ರೂಮಿನಲ್ಲೇ ಮಲಗಿರುವ ಗೆಸ್ಟಿಗೆ "ಕೊಡಗಿಗೆ ಬನ್ನಿ" ಅಂತ ಹೋಗಬಾರದು. ಎರಡು ವರ್ಷದಿಂದ ನಿಮ್ಮ ಒಂದು ಲಿಂಕನ್ನೂ ಒತ್ತದವರಿಗೆ ಏನೂ ಹೋಗದಿದ್ದರೂ ನಷ್ಟ ಇಲ್ಲ. ಇದನ್ನು ಸರಿಯಾಗಿ ಕೂರಿಸಿದರೆ ಕಳಿಸುವ ಮೇಲ್ ಕಡಿಮೆಯಾಗುತ್ತದೆ, ಬರುವ ಆರ್ಡರ್ ಜಾಸ್ತಿಯಾಗುತ್ತದೆ. ಅದಕ್ಕೆ ಮುಂಚೆ ಸ್ವಲ್ಪ ಬೋರ್ ಹೊಡೆಸುವ ಕೆಲಸ ಇದೆ, ಅದನ್ನು ಮೊದಲು ಮುಗಿಸಿಬಿಡೋಣ.

ಸ್ವಂತ ಡೊಮೇನ್ ಇಲ್ಲದೆ ಆಗಲ್ಲ

ಸಾಫ್ಟ್‌ವೇರ್ ಒಳಗಿಂದ ಕಳಿಸುವಾಗ "ಇವರಿಂದ" ಅನ್ನುವ ಜಾಗದಲ್ಲಿ ನಿಮ್ಮ ಜಿಮೇಲ್ ವಿಳಾಸ ಹಾಕಿದ್ದೀರಾ? ಹಾಗಾದರೆ ಇವತ್ತೇ ತೆಗೆಯಿರಿ. ಪಡೆಯುವವರ ಮೇಲ್ ಸರ್ವರ್‌ಗೆ ಕಾಣುವುದು ಇಷ್ಟೇ: ಹೆಸರು ಜಿಮೇಲ್‌ದು, ಬಂದಿರೋದು ಮಾತ್ರ ಇನ್ಯಾವುದೋ ಕಂಪನಿಯ ಸರ್ವರ್‌ನಿಂದ. ಮೋಸ ಮಾಡುವವರೂ ಮಾಡುವುದು ಇದನ್ನೇ ಅಲ್ವಾ, ಅದಕ್ಕೇ ಸೀದಾ ಸ್ಪ್ಯಾಮ್‌ಗೆ ಹಾಕುತ್ತದೆ. ಹೋಂಸ್ಟೇ ಹೆಸರಲ್ಲೋ ತೋಟದ ಹೆಸರಲ್ಲೋ ಒಂದು ಡೊಮೇನ್, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮದೇ ಹೆಸರಿನ ವಿಳಾಸ, ತೆಗೆದುಕೊಳ್ಳಿ. ಸಾಮಾನ್ಯವಾಗಿ ಒಂದು ವರ್ಷದ ಖರ್ಚು ಒಂದು ರಾತ್ರಿಯ ರೂಮ್ ಬಾಡಿಗೆಗಿಂತ ಕಡಿಮೆ.

ಆಮೇಲೆ ಮೂರು ದಾಖಲೆ. ಎಸ್‌ಪಿಎಫ್ ಅಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಯಾವ ಯಾವ ಸರ್ವರ್‌ಗೆ ಅನುಮತಿ ಇದೆ ಎಂಬ ಪಟ್ಟಿ. ಡಿಕೆಐಎಂ ಅಂದರೆ ಪ್ರತಿ ಮೇಲ್ ಮೇಲೂ ಬೀಳುವ ಡಿಜಿಟಲ್ ಸಹಿ. ಡಿಮಾರ್ಕ್ ಅಂದರೆ, ಈ ಎರಡು ಪರೀಕ್ಷೆಯಲ್ಲೂ ನಪಾಸಾದ ಮೇಲನ್ನು ಏನು ಮಾಡಬೇಕು ಅಂತ ನೀವು ಕೊಡುವ ಸೂಚನೆ: ಸುಮ್ನೆ ಬಿಡಬೇಕಾ, ಸ್ಪ್ಯಾಮ್‌ಗೆ ಹಾಕಬೇಕಾ, ವಾಪಸ್ ಕಳಿಸಬೇಕಾ. ಬೇಕಾದ ಸಾಲುಗಳನ್ನು ಸಾಫ್ಟ್‌ವೇರೇ ಕೊಡುತ್ತದೆ, ನೀವು ಡೊಮೇನ್ ಕೊಂಡ ಜಾಗದ ಡಿಎನ್‌ಎಸ್ ಪುಟದಲ್ಲಿ (ಡೊಮೇನಿನ ಸೆಟ್ಟಿಂಗ್ ಇರುವ ಪುಟ) ಅಂಟಿಸಬೇಕು. ಡಿಮಾರ್ಕ್ ಅನ್ನು "ನನ್" (none, ಸುಮ್ನೆ ಬಿಡಿ) ಎಂಬ ಸೌಮ್ಯ ಆಯ್ಕೆಯಿಂದ ಶುರು ಮಾಡಿ, ಒಂದೆರಡು ತಿಂಗಳು ಎಲ್ಲ ಸರಿ ಇದೆ ಅಂತ ಕಂಡ ಮೇಲೆ ಬಿಗಿ ಮಾಡಿ.

"ನಮ್ಮದು 800 ಜನರ ಲಿಸ್ಟು, ನಮಗ್ಯಾಕೆ ಇದೆಲ್ಲ" ಅನ್ನಬಹುದು. 2024ರ ಫೆಬ್ರವರಿಯಿಂದ ಜಿಮೇಲ್ ದಿನಕ್ಕೆ 5,000 ಮೇಲ್ ಕಳಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿದೆ, ಯಾಹೂ ಕೂಡ ಅದೇ ಹೊತ್ತಿಗೆ ಇಂಥದ್ದೇ ನಿಯಮ ತಂದಿತು, 2025ರ ಮೇ ತಿಂಗಳಿಂದ ಔಟ್‌ಲುಕ್ ಕೂಡ ಅದೇ ದಾರಿ ಹಿಡಿದಿದೆ. ಚಿಕ್ಕ ಲಿಸ್ಟ್ ಇರುವವರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಒಂದನ್ನಾದರೂ ಇಡಲೇಬೇಕು ಅಂತ ಜಿಮೇಲ್ ಹೇಳುತ್ತದೆ. ಮಾಡುವುದೇ ಆದರೆ ಮೂರನ್ನೂ ಮಾಡಿ ಮುಗಿಸಿ, ಅರ್ಧ ದಿನದ ಕೆಲಸ.

ಇಲ್ಲಿ ಜನ ಎಡವೋದು ಎರಡು ಕಡೆ. ಒಂದು, ಮೊದಲೇ ಒಂದು ಎಸ್‌ಪಿಎಫ್ ಸಾಲು ಇರುತ್ತದೆ, ಹೊಸ ಸಾಫ್ಟ್‌ವೇರ್‌ಗೆ ಅಂತ ಎರಡನೇದು ಸೇರಿಸುತ್ತಾರೆ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು, ಎರಡು ಇದ್ದರೆ ಎರಡೂ ಕೆಲಸ ಮಾಡುವುದಿಲ್ಲ. ಹಳೇ ಸಾಲಿನ ಒಳಗೇ ಹೊಸದನ್ನು ಸೇರಿಸಿ. ಇನ್ನೊಂದು, ಡಿಕೆಐಎಂ ಸಾಲಿನ ಹೆಸರನ್ನು ಅಂಟಿಸುವಾಗ ಕೆಲವು ಡಿಎನ್‌ಎಸ್ ಪುಟಗಳು ಕೊನೆಗೆ ನಿಮ್ಮ ಡೊಮೇನನ್ನು ತಾವೇ ಸೇರಿಸುತ್ತವೆ. ನೀವೂ ಪೂರ್ತಿ ಹೆಸರು ಹಾಕಿದರೆ ಡೊಮೇನ್ ಎರಡು ಸಲ ಬಂದಿರುತ್ತದೆ, ಸಾಫ್ಟ್‌ವೇರ್ ಮಾತ್ರ "ಇನ್ನೂ ಸಿಕ್ಕಿಲ್ಲ, ಇನ್ನೂ ಸಿಕ್ಕಿಲ್ಲ" ಅಂತ ಕೂತಿರುತ್ತದೆ.

ಸರಿಯಾಗಿದೆಯೋ ಇಲ್ಲವೋ ನೋಡಲು ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು, ಬಲಗಡೆಯ ಮೂರು ಚುಕ್ಕೆ ಒತ್ತಿ "ಶೋ ಒರಿಜಿನಲ್" ನೋಡಿ. ಮೂರರ ಮುಂದೆಯೂ "ಪಾಸ್" ಅಂತ ಇರಬೇಕು. ಅಲ್ಲಿಗೆ ಈ ತಲೆನೋವು ಮುಗಿಯಿತು.

ಲಿಸ್ಟ್: ರಿಜಿಸ್ಟರ್ ಪುಸ್ತಕದಿಂದ ಸಾಫ್ಟ್‌ವೇರ್‌ವರೆಗೆ

ನಮ್ಮಲ್ಲಿ ಲಿಸ್ಟ್ ಹುಟ್ಟುವುದು ಹೋಂಸ್ಟೇ ರಿಜಿಸ್ಟರ್‌ನಲ್ಲಿ. ಗೆಸ್ಟು ಬಸ್ಸಿನ ಪ್ರಯಾಣಕ್ಕೋ ಘಾಟಿ ತಿರುವಿಗೋ ಸುಸ್ತಾಗಿ ಬಂದಿರುತ್ತಾರೆ, ಮಗು ಅಳುತ್ತಿರುತ್ತದೆ, ಅವಸರದಲ್ಲಿ ಗೀಚಿ ಹೋಗುತ್ತಾರೆ. ಆಮೇಲೆ ಯಾವತ್ತೋ ಒಂದು ದಿನ ಮನೆಯ ಹುಡುಗನೊಬ್ಬ ಅದನ್ನು ನೋಡಿ ಎಕ್ಸೆಲ್‌ಗೆ ಹಾಕುತ್ತಾನೆ. "ಯು" ಇದ್ದದ್ದು "ವಿ" ಆಗಿರುತ್ತದೆ, ಒಂದು ಸೊನ್ನೆ "ಓ" ಆಗಿರುತ್ತದೆ, ಜಿಮೇಲ್ ಡಾಟ್ ಕಾಮ್ ಅನ್ನುವುದು ಡಾಟ್ ಕಾನ್ ಆಗಿರುತ್ತದೆ. ಇಂಥ ವಿಳಾಸಕ್ಕೆ ಹೋದ ಮೇಲ್ ಬೌನ್ಸ್ ಆಗುತ್ತದೆ, ಅಂದರೆ ತಲುಪದೆ ವಾಪಸ್ ಬರುತ್ತದೆ, ಬೌನ್ಸ್ ಜಾಸ್ತಿಯಾದರೆ ಸಾಫ್ಟ್‌ವೇರ್ ಕಂಪನಿಯವರೇ ನಿಮ್ಮ ಅಕೌಂಟ್ ತಡೆಹಿಡಿಯಬಹುದು.

ಅದಕ್ಕೆ ಕೈಬರಹ ಬಿಡಿ. ಸಾಫ್ಟ್‌ವೇರ್‌ನಲ್ಲೇ ಒಂದು ಚಿಕ್ಕ ಫಾರ್ಮ್ ಮಾಡಿ, ಅದರ ಕ್ಯೂಆರ್ ಕೋಡ್ ತೆಗೆದು ಲ್ಯಾಮಿನೇಟ್ ಮಾಡಿಸಿ ಊಟದ ಟೇಬಲ್ ಮೇಲೆ ಇಡಿ. ಚೆಕ್-ಇನ್ ಹೊತ್ತಿಗಿಂತ ಎರಡನೇ ದಿನದ ತಿಂಡಿ ಹೊತ್ತು ಒಳ್ಳೆಯದು. ಅಕ್ಕಿ ರೊಟ್ಟಿ, ಜೇನು ಮುಂದೆ ಇದ್ದು ಮನಸ್ಸು ಚೆನ್ನಾಗಿರುವಾಗ ಜನ ತಾವೇ ಕೇಳುತ್ತಾರೆ, ಈ ಜೇನು ಮನೆಗೆ ತರಿಸಬಹುದಾ ಅಂತ. ಫಾರ್ಮ್‌ನಲ್ಲಿ ಹೆಸರು, ಮೇಲ್, ಮತ್ತೆ ಒಂದೇ ಒಂದು ಪ್ರಶ್ನೆ: "ಯಾವ ವಿಷಯಕ್ಕೆ ಮೇಲ್ ಕಳಿಸಲಿ?" ಕೆಳಗೆ ನಾಲ್ಕು ಚೌಕ. ಕಾಫಿಪುಡಿ, ಜೇನು ಮತ್ತು ಮೆಣಸು, ಮಳೆಗಾಲದ ರೂಮ್, ಕಾಫಿ ಹೂವಿನ ಸಮಯ. ಊರು, ಹುಟ್ಟಿದ ದಿನ, ಕೆಲಸ, ಇದೆಲ್ಲ ಕೇಳಬೇಡಿ. ಕೇಳಿದಷ್ಟೂ ಅರ್ಧಕ್ಕೆ ಬಿಟ್ಟುಹೋಗುವವರು ಹೆಚ್ಚುತ್ತಾರೆ. ಫಾರ್ಮ್ ತುಂಬಿದವರಿಗೆ "ನೀವೇನಾ, ಒಮ್ಮೆ ಒತ್ತಿ ಖಚಿತಪಡಿಸಿ" ಎಂಬ ಮೇಲ್ ಹೋಗುವ ಡಬಲ್ ಆಪ್ಟ್-ಇನ್ ಆನ್ ಮಾಡಿಡಿ. ಒಂದಿಷ್ಟು ಜನ ಒತ್ತದೆ ಉಳಿಯುತ್ತಾರೆ, ಉಳಿಯಲಿ ಬಿಡಿ, ಒತ್ತಿದವರ ವಿಳಾಸ ಮಾತ್ರ ಪಕ್ಕಾ.

ಇನ್ನೊಂದು ಮಾತು. ಗುರುತಿನ ಚೀಟಿ ತೋರಿಸುವಾಗ ಬರೆಸಿಕೊಂಡ ವಿಳಾಸವನ್ನು ಹಾಗೇ ಎತ್ತಿ ಜಾಹೀರಾತಿಗೆ ಹಾಕುವುದು ತಪ್ಪು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ವಿಚಾರವೇ ಇದು: ಯಾವ ಉದ್ದೇಶಕ್ಕೆ ಒಪ್ಪಿಗೆ ಕೊಟ್ಟರೋ ಅದಕ್ಕೆ ಮಾತ್ರ, ಮತ್ತು ಒಪ್ಪಿಗೆ ವಾಪಸ್ ಪಡೆಯುವುದು ಕೊಟ್ಟಷ್ಟೇ ಸುಲಭ ಇರಬೇಕು. ಪಕ್ಕದ ಹೋಂಸ್ಟೇಯವರ ಹತ್ತಿರ ಎಕ್ಸೆಲ್ ಇಸಕೊಳ್ಳುವುದು, "ಬೆಂಗಳೂರಿನ 50,000 ಐಟಿ ಜನರ ಲಿಸ್ಟ್" ಅಂತ ಯಾರೋ ಮಾರುವುದನ್ನು ಕೊಳ್ಳುವುದು, ಇವೆರಡಕ್ಕೂ ಕೈ ಹಾಕಬೇಡಿ. ಬುಕಿಂಗ್ ಆ್ಯಪ್‌ಗಳಿಂದ ಬರುವ ಉದ್ದುದ್ದದ ವಿಚಿತ್ರ ವಿಳಾಸಗಳೂ ಬೇಡ, ಅವು ಎಷ್ಟೋ ಸಲ ಗೆಸ್ಟಿನ ನಿಜವಾದ ವಿಳಾಸವೇ ಆಗಿರುವುದಿಲ್ಲ, ಆ ಬುಕಿಂಗ್ ಮಟ್ಟಿಗೆ ಆ್ಯಪ್ ಮಾಡಿಕೊಟ್ಟಿರುವ ಮುಖವಾಡ.

ಟ್ಯಾಗ್ ಹಾಕಿ, ಆಮೇಲೆ ಕಳೆಯಿರಿ

ಈಗ ಅಸಲಿ ವಿಷಯಕ್ಕೆ ಬಂದೆವು. ಸಾಫ್ಟ್‌ವೇರ್‌ನಲ್ಲಿ ಪ್ರತಿ ಕಾಂಟ್ಯಾಕ್ಟಿಗೂ ಟ್ಯಾಗ್, ಅಂದರೆ ಗುರುತಿನ ಚೀಟಿಯಂಥ ಒಂದು ಪದ, ಹಾಕಬಹುದು, ಜೊತೆಗೆ ತಾರೀಖಿನ ಕಾಲಂ ಇಡಬಹುದು. ನನ್ನ ಪ್ರಕಾರ ಹತ್ತಕ್ಕಿಂತ ಹೆಚ್ಚು ಟ್ಯಾಗ್ ಬೇಕಿಲ್ಲ, ಆದರೆ ಎರಡು ತಾರೀಖು ಬೇಕೇ ಬೇಕು: ಕೊನೆಯ ಸಲ ಬಂದು ಉಳಿದದ್ದು ಯಾವಾಗ, ಕೊನೆಯ ಆರ್ಡರ್ ಯಾವಾಗ. ಈ ಎರಡು ಕಾಲಂ ಇಲ್ಲದ ಲಿಸ್ಟಿನಿಂದ ಏನು ಮಾಡಿದರೂ ಎಲ್ಲರಿಗೂ ಒಂದೇ ಪೋಸ್ಟರ್ ಕಳಿಸುವ ಹಂತ ದಾಟಲ್ಲ.

ಕಾಫಿ ಹೂವಿನ ಮೇಲ್ ತೆಗೆದುಕೊಳ್ಳಿ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಗಿಡದಲ್ಲಿ ಹೂ ಬಿಡಿಸುವ ಹೂಮಳೆ ಯಾವತ್ತು ಬೀಳುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಆದರೆ ಮಳೆ ಬಿದ್ದ ಮೇಲೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಕೆಲವೇ ದಿನ ಆ ಪರಿಮಳ, ಆಮೇಲೆ ಮುಗಿಯಿತು. ಈ ಎಂಟು-ಹತ್ತು ದಿನ ಇದೆಯಲ್ಲ, ಬೆಂಗಳೂರಿನವರು ಒಂದು ವಾರಾಂತ್ಯ ಹೊಂದಿಸಿಕೊಳ್ಳಲು ಬೇಕಾದಷ್ಟೇ ಸಮಯ ಅದು. ಹಾಗಾಗಿ ಮೇಲನ್ನು ಜನವರಿಯಲ್ಲೇ ಬರೆದು ಡ್ರಾಫ್ಟ್‌ನಲ್ಲಿ ಇಡಿ, ಕಳೆದ ವರ್ಷದ ಎರಡು ಫೋಟೋ ಹಾಕಿ, ತಾರೀಖಿನ ಜಾಗ ಮಾತ್ರ ಖಾಲಿ ಬಿಡಿ. ಮಳೆ ಬಂದ ಮಾರನೇ ಬೆಳಿಗ್ಗೆ ತೋಟ ಒಂದು ಸುತ್ತು ಹಾಕಿ, ಮಳೆ ಸಾಕಷ್ಟು ಬಿದ್ದಿದೆ ಅಂತ ಖಚಿತವಾದರೆ ತಾರೀಖು ತುಂಬಿ ಕಳಿಸಿ.

ಯಾರಿಗೆ? "ಹೂವಿನ ಸಮಯ" ಚೌಕ ಒತ್ತಿದವರು. ಅದರಲ್ಲಿ ಕಳೆಯಬೇಕಾದವರು: ಆಗಲೇ ಆ ವಾರಕ್ಕೆ ಬುಕ್ ಮಾಡಿರುವವರು, ಕಳೆದ ಒಂದು ತಿಂಗಳಲ್ಲಿ ಬಂದುಹೋದವರು, ಶಾಲೆಗೆ ಹೋಗುವ ಮಕ್ಕಳೊಂದಿಗೆ ಬರುವವರು. ಮಾರ್ಚ್ ಪರೀಕ್ಷೆ ಸಮಯ, ಅವರಿಗೆ ಮೇಲ್ ಬಂದರೂ ಬರಲಿಕ್ಕಾಗಲ್ಲ, ಸುಮ್ನೆ ಹೊಟ್ಟೆ ಉರಿಸಿದಂತೆ. ಅವರಿಗೆ ಏಪ್ರಿಲ್ ರಜೆಯ ಮೇಲ್ ಬೇರೆ ಇರಲಿ. ಹೀಗೆ ಕಳೆದು ಕಳೆದು 900ರ ಲಿಸ್ಟಿನಲ್ಲಿ 120 ಜನ ಉಳಿದರೆ ಬೇಜಾರು ಬೇಡ. ನಿಮ್ಮ ಹತ್ತಿರ ಇರೋದೇ ನಾಲ್ಕು ರೂಮು.

ಸೆಗ್‌ಮೆಂಟ್ ಅಂತ ಸಾಫ್ಟ್‌ವೇರ್‌ನಲ್ಲಿ ಇರುವುದು ಈ ಕೂಡಿಸಿ ಕಳೆಯುವ ಲೆಕ್ಕವೇ. ಒಮ್ಮೆ ಶರತ್ತು ಬರೆದು ಉಳಿಸಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ, ಜನ ತಾವಾಗಿ ಒಳಗೆ ಬರುತ್ತಾರೆ, ಹೊರಗೆ ಹೋಗುತ್ತಾರೆ.

ಕಾಫಿಪುಡಿ ಮಾರುವವರಿಗೆ ಇದಕ್ಕಿಂತ ಸುಲಭ, ಯಾಕೆಂದರೆ ಪುಡಿ ಖಾಲಿಯಾಗಲೇಬೇಕು. ನಿಮ್ಮ ಹಳೇ ಆರ್ಡರ್ ಪುಸ್ತಕದಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುವುದನ್ನು ಹುಡುಕಿ. ಒಬ್ಬರು ಜೂನ್ 3ಕ್ಕೆ ಅರ್ಧ ಕೇಜಿ, ಜುಲೈ 1ಕ್ಕೆ ಅರ್ಧ ಕೇಜಿ, ಜುಲೈ 30ಕ್ಕೆ ಮತ್ತೆ ಅರ್ಧ ಕೇಜಿ ತರಿಸಿದ್ದಾರೆ ಅಂದರೆ ಆ ಮನೆಗೆ ಅದು ನಾಲ್ಕು ವಾರದ ಕಾಫಿ. ಮೇಲ್ ನೋಡಿ ಆರ್ಡರ್ ಮಾಡಲು ಒಂದು ದಿನ, ಹುರಿಯಲು ಒಂದು ದಿನ, ಕೊರಿಯರ್‌ಗೆ ಮೂರು-ನಾಲ್ಕು ದಿನ ಬಿಟ್ಟರೆ 22ನೇ ದಿನ ಮೇಲ್ ಹೋಗಬೇಕು. ಹೀಗೆ ಹತ್ತು-ಹದಿನೈದು ಮನೆ ನೋಡಿದರೆ ಒಂದು ಸರಾಸರಿ ಸಿಗುತ್ತದೆ. ತಾನೇ ಮೇಲ್ ಕಳಿಸುವ ಆಟೋಮೇಷನ್‌ನಲ್ಲಿ "ಕೊನೆಯ ಆರ್ಡರ್ ಆದ 22 ದಿನಕ್ಕೆ" ಅಂತ ಇಡಿ, ನಡುವೆ ಅವರೇ ಆರ್ಡರ್ ಮಾಡಿದರೆ ಲೆಕ್ಕ ಮೊದಲಿಂದ ಶುರುವಾಗುವಂತೆ ಶರತ್ತು ಹಾಕಿ. ಈ ಕೊನೆಯ ಶರತ್ತನ್ನು ಮರೆತವರೇ ಜಾಸ್ತಿ. ಪಾರ್ಸೆಲ್ ಇನ್ನೂ ಬಿಚ್ಚಿರುವುದಿಲ್ಲ, ಅಷ್ಟರಲ್ಲಿ "ಕಾಫಿ ಮುಗೀತಾ?" ಅಂತ ಮೇಲ್.

ಏನು ಬರೆಯಬೇಕು

ಸಬ್ಜೆಕ್ಟ್ ಸಾಲು ಫೋನಿನಲ್ಲಿ ಅರ್ಧಕ್ಕೇ ಕಟ್ ಆಗುತ್ತದೆ, ಕನ್ನಡ ಅಕ್ಷರ ಅಗಲ ಆದ್ದರಿಂದ ಇನ್ನೂ ಬೇಗ. ಮುಖ್ಯವಾದ್ದು ಮೊದಲ ಮೂರು-ನಾಲ್ಕು ಪದದಲ್ಲಿ ಬರಲಿ. "ನಮ್ಮ ಆತ್ಮೀಯ ಗ್ರಾಹಕರಿಗೆ ಹಬ್ಬದ ಹಾರ್ದಿಕ ಶುಭಾಶಯಗಳು" ಅಂತ ಬರೆದರೆ ಕಾಣುವುದು "ನಮ್ಮ ಆತ್ಮೀಯ ಗ್ರಾಹ". ಅದರ ಬದಲು "ಸೋಮವಾರ ಹುರೀತೀವಿ, ಭಾನುವಾರದೊಳಗೆ ಹೇಳಿ" ಅಂತ ಹಾಕಿ ನೋಡಿ. ಅದರ ಕೆಳಗೆ ತೆಳು ಬಣ್ಣದಲ್ಲಿ ಕಾಣುವ ಪ್ರಿವ್ಯೂ ಸಾಲನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ, ಆಗ ಅಲ್ಲಿ "ಈ ಮೇಲ್ ಸರಿಯಾಗಿ ಕಾಣುತ್ತಿಲ್ಲವೇ" ಅನ್ನುವ ದರಿದ್ರ ಸಾಲು ಬಂದು ಕೂರುತ್ತದೆ. ಅಲ್ಲಿ ಬರೆಯಿರಿ: "ಚಿಕೋರಿ ಇಲ್ಲದ್ದು, 80:20, ಎರಡೂ ಇದೆ. ಹಬ್ಬಕ್ಕೆ ಮುಂಚೆ ಕೈ ಸೇರುತ್ತದೆ."

ಕನ್ನಡದಲ್ಲಿ ಬರೆಯುವಾಗ ಒಂದು ಎಚ್ಚರಿಕೆ. ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಇಟ್ಟಿರುವ ಬರಹವನ್ನು ಹಾಗೇ ಅಂಟಿಸಿದರೆ ಓದುವವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇನ್ನೊಂದು ವಿಷಯ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ: ಜಿಮೇಲ್ ಸುಮಾರು 102 ಕೆಬಿ ದಾಟಿದ ಮೇಲನ್ನು ಅಲ್ಲಿಗೇ ಕತ್ತರಿಸುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ ಮೂರು ಬೈಟ್ ಹಿಡಿಯುತ್ತದೆ, ಇಂಗ್ಲಿಷ್ ಅಕ್ಷರಕ್ಕೆ ಒಂದೇ. ಇದರ ಜೊತೆ ಡ್ರ್ಯಾಗ್ ಮಾಡಿ ಕೂರಿಸುವ ಟೆಂಪ್ಲೇಟ್‌ಗಳು ಹಿಂದಿನಿಂದ ರಾಶಿ ಕೋಡ್ ತುಂಬುತ್ತವೆ. ಕತ್ತರಿಸಿದಾಗ ಮೊದಲು ಹೋಗುವುದು ಕೊನೆಯಲ್ಲಿರುವ, ಇನ್ನು ಮೇಲ್ ಬೇಡ ಎನ್ನುವ ಅನ್‌ಸಬ್‌ಸ್ಕ್ರೈಬ್ ಲಿಂಕ್, ಅದು ಕಾಣದಿದ್ದರೆ ಜನ ಒತ್ತುವುದು ಸ್ಪ್ಯಾಮ್ ಬಟನ್. ಸಾದಾ ಟೆಂಪ್ಲೇಟ್ ಇರಲಿ, ಅದರೊಳಗೆ ಡಬ್ಬಿಗಳು ಕಡಿಮೆ ಇರಲಿ.

ವಾಟ್ಸಾಪ್‌ಗೆ ಮಾಡಿಸಿದ ಪೋಸ್ಟರ್ ಒಂದನ್ನೇ ಮೇಲ್ ಅಂತ ಕಳಿಸಬೇಡಿ. ಚಿತ್ರ ತೆರೆಯದ ಕಡೆ ಬಿಳಿ ಹಾಳೆ ಬಿಟ್ಟರೆ ಏನೂ ಕಾಣಲ್ಲ. ವಿಷಯ ಅಕ್ಷರದಲ್ಲಿ ಇರಲಿ, ಫೋಟೋ ಒಂದೋ ಎರಡೋ, ಅದರ ಹಿಂದೆ ಚಿತ್ರ ತೆರೆಯದಾಗ ಕಾಣುವ ಆಲ್ಟ್ ಬರಹ. ಕೊನೆಗೆ ನಿಮ್ಮ ಹೆಸರು. ಉತ್ತರ ಬರೆಯಲಾಗದ ನೋ-ರಿಪ್ಲೈ ವಿಳಾಸ ಮಾತ್ರ ದಯವಿಟ್ಟು ಬೇಡ. ಕೊಡಗಿನ ಹೋಂಸ್ಟೇಗೆ ಜನ ಬರುವುದೇ ಮನೆಯವರ ಜೊತೆ ಮಾತಾಡಲು, ಮೇಲ್‌ನಲ್ಲಿ ಮಾತ್ರ ಬಾಯಿ ಮುಚ್ಚಿಸುವುದು ಯಾಕೆ?

ತಾನೇ ಓಡುವ ಮೇಲ್‌ಗಳು

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಆಟೋಮೇಷನ್ ಸ್ವಾಗತ ಮೇಲ್ ಅಂತ ಎಲ್ಲರೂ ಹೇಳುತ್ತಾರೆ. ಹೋಂಸ್ಟೇ ಮಟ್ಟಿಗೆ ನಾನು ಒಪ್ಪಲ್ಲ. ಮೊದಲು ಮಾಡಬೇಕಾದ್ದು ಗೆಸ್ಟ್ ಬರುವ ಮೂರು ದಿನ ಮುಂಚೆ ಹೋಗುವ ಮೇಲ್. ಕೊನೆಯ ಪೆಟ್ರೋಲ್ ಬಂಕ್ ಎಲ್ಲಿ, ಮೇನ್ ರೋಡಿಂದ ಎಲ್ಲಿ ತಿರುಗಬೇಕು, ಮ್ಯಾಪ್ ತೋರಿಸುವ ಅಡ್ಡದಾರಿ ಜೀಪಿಗೆ ಮಾತ್ರ ಅನ್ನುವುದು, ಯಾವ ಸಿಮ್‌ಗೆ ಸಿಗ್ನಲ್ ಇದೆ, ರಾತ್ರಿ ಊಟ ಎಷ್ಟು ಗಂಟೆಗೆ, ಪಂದಿಕರಿ ಬೇಕಾದವರು ಮೊದಲೇ ಹೇಳಬೇಕು, ಜಿಗಣೆ ಇರುತ್ತದೆ ಶೂ ತನ್ನಿ. ದಾರಿಯಲ್ಲಿ ಸಿಗ್ನಲ್ ಹೋದಾಗ ಜನ ಇದನ್ನೇ ತೆಗೆದು ನೋಡುತ್ತಾರೆ, ಅದಕ್ಕೆ "ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ" ಅಂತ ಮೇಲೆಯೇ ಬರೆಯಿರಿ. ಇದರಲ್ಲಿ ಆಫರ್, ಜಾಹೀರಾತು ಏನೂ ಬೇಡ. ಈ ಮೇಲ್ ತೆರೆದು ಉಪಯೋಗ ಆದವರು ನಿಮ್ಮ ಮುಂದಿನ ಮೇಲನ್ನೂ ತೆರೆಯುತ್ತಾರೆ.

ಗೆಸ್ಟ್ ವಾಪಸ್ ಹೋದ ಎರಡು ದಿನಕ್ಕೆ ಥ್ಯಾಂಕ್ಸ್ ಮೇಲ್, ರಿವ್ಯೂ ಲಿಂಕ್ ಜೊತೆ. ಎರಡು ವಾರ ಬಿಟ್ಟು "ಅಲ್ಲಿ ಕುಡಿದ ಕಾಫಿ ಮನೆಗೆ ಬೇಕಾ" ಅಂತ ಒಂದು. ಅಷ್ಟು ಸಾಕು.

ಆಟೋಮೇಷನ್‌ನ ಅಪಾಯ ಇರೋದು ಮಳೆಗಾಲದಲ್ಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ, ರಸ್ತೆ, ತೋಟ ಕೊಚ್ಚಿಹೋದದ್ದು ನಮಗೆ ಯಾರೂ ನೆನಪಿಸಬೇಕಿಲ್ಲ. ಅಂಥ ವಾರದಲ್ಲಿ "ಮಂಜು, ಮಳೆ, ಬಿಸಿ ಕಾಫಿ, ಇನ್ನೇನು ಬೇಕು?" ಅಂತ ತಿಂಗಳ ಹಿಂದೆ ಶೆಡ್ಯೂಲ್ ಮಾಡಿದ ಮೇಲ್ ಹೋದರೆ ಹೇಗಿರುತ್ತದೆ ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಯೂಲ್ ಆಗಿರುವ ಎಲ್ಲದರ ಒಂದು ಪಟ್ಟಿ ಗೋಡೆ ಮೇಲೆ ಅಂಟಿಸಿರಲಿ. ನಮ್ಮಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿರುತ್ತದೆ, ಆದರೆ ಸಾಫ್ಟ್‌ವೇರ್ ಓಡುವುದು ಅವರ ಸರ್ವರ್‌ನಲ್ಲಿ, ಅದು ತನ್ನ ಪಾಡಿಗೆ ಕಳಿಸುತ್ತಲೇ ಇರುತ್ತದೆ. ಆದ್ದರಿಂದ ಮೈಸೂರಲ್ಲೋ ಬೆಂಗಳೂರಲ್ಲೋ ಇರುವ ಮಗಳಿಗೋ ತಮ್ಮನಿಗೋ ಅಕೌಂಟಿನಲ್ಲಿ ಬೇರೆ ಯೂಸರ್ ಆಗಿ ಪ್ರವೇಶ ಕೊಟ್ಟಿಡಿ, ಒಂದು ಫೋನ್ ಹೇಗೋ ಹೋದರೆ ಸಾಕು, ಅವರು ಎಲ್ಲವನ್ನೂ ಪಾಜ್ ಮಾಡಿ ನಿಲ್ಲಿಸುತ್ತಾರೆ. ರಸ್ತೆ ಬಂದ್ ಆಯಿತು ಅಂತ ತಿಳಿಸಬೇಕಾದರೆ ಆ ವಾರ ಬುಕ್ ಮಾಡಿದವರಿಗೆ ಮಾತ್ರ ತಿಳಿಸಿ. ಇಡೀ ಲಿಸ್ಟಿಗೆ ಕಳಿಸಿದರೆ ನವೆಂಬರ್‌ಗೆ ಬುಕ್ ಮಾಡಿದವರೂ ಗಾಬರಿಯಾಗಿ ಕ್ಯಾನ್ಸಲ್ ಮಾಡುತ್ತಾರೆ.

ಹಾಗೇ ಕೈಲ್‌ಪೊದು, ಪುತ್ತರಿ ಹಬ್ಬದ ದಿನಗಳಲ್ಲಿ ಮನೆ ತುಂಬ ನೆಂಟರು, ಅಡುಗೆಯವರು ರಜೆ. ಆ ತಾರೀಖುಗಳನ್ನು ವರ್ಷದ ಶುರುವಿನಲ್ಲೇ ಕ್ಯಾಲೆಂಡರಿನಿಂದ ತೆಗೆದುಬಿಡಿ.

ಯಾವ ಅಂಕಿ ನಂಬಬೇಕು

ಎಷ್ಟು ಜನ ಮೇಲ್ ತೆರೆದರು ಅನ್ನುವ ಓಪನ್ ರೇಟ್ ನೋಡಿ ಖುಷಿಪಡುವ ಕಾಲ ಹೋಯಿತು. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ಗೆ ತಂದ ಖಾಸಗಿತನದ ವ್ಯವಸ್ಥೆ ಮೇಲ್ ಒಳಗಿನ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಓಪನ್ ಎಣಿಸುವುದು ಅದೇ ಚಿತ್ರದ ಲೆಕ್ಕದಲ್ಲಿ, ಹಾಗಾಗಿ ಐಫೋನ್ ಇಟ್ಟಿರುವವರು ಮೇಲ್ ಮುಟ್ಟದಿದ್ದರೂ "ತೆರೆದರು" ಅಂತ ಬರಬಹುದು. ನೋಡಬೇಕಾದ್ದು ಕ್ಲಿಕ್, ಉತ್ತರ, ಆರ್ಡರ್.

ಆದರೆ ನಮ್ಮ ಗೆಸ್ಟುಗಳು ಮೇಲ್ ನೋಡಿ ವೆಬ್‌ಸೈಟಿಗೆ ಹೋಗಿ ಬುಕ್ ಮಾಡೋದು ಕಡಿಮೆ, ವಾಟ್ಸಾಪ್‌ನಲ್ಲೇ ಕೇಳುತ್ತಾರೆ. ಅದಕ್ಕೆ ಒಂದು ಉಪಾಯ ಇದೆ. ವಾಟ್ಸಾಪ್‌ನ ಕ್ಲಿಕ್ ಟು ಚಾಟ್ ಲಿಂಕ್‌ನಲ್ಲಿ ಮೊದಲೇ ಬರೆದ ಒಂದು ಸಾಲು ಇಡಬಹುದು. ಕಾಫಿ ಹೂವಿನ ಮೇಲ್‌ನಲ್ಲಿರುವ ಬಟನ್ ಒತ್ತಿದರೆ ಚಾಟ್‌ನಲ್ಲಿ "ಕಾಫಿ ಹೂವಿನ ಮೇಲ್ ನೋಡಿದೆ, ಶನಿವಾರ ರೂಮ್ ಇದೆಯಾ?" ಅಂತ ತಯಾರಾಗಿ ಬರುತ್ತದೆ, ಅವರು ಕಳಿಸಿದರೆ ಆಯಿತು. ಕ್ಲಿಕ್ ಸಾಫ್ಟ್‌ವೇರ್‌ನಲ್ಲಿ ಎಣಿಕೆ ಆಗುತ್ತದೆ, ಯಾವ ಮೇಲ್‌ನಿಂದ ಬಂದರು ಅಂತ ನಿಮ್ಮ ಫೋನಲ್ಲೂ ಗೊತ್ತಾಗುತ್ತದೆ.

ಎ-ಬಿ ಟೆಸ್ಟ್ ಬಗ್ಗೆ ಕೇಳಿರುತ್ತೀರಿ, ಎರಡು ಸಬ್ಜೆಕ್ಟ್ ಕಳಿಸಿ ಯಾವುದು ಗೆದ್ದಿತು ನೋಡುವುದು. 400 ಜನರ ಲಿಸ್ಟಿಗೆ ಅದು ಟೈಮ್‌ಪಾಸ್. ಒಂದು ಕಡೆ 200ರಲ್ಲಿ 4 ಕ್ಲಿಕ್, ಇನ್ನೊಂದು ಕಡೆ 6 ಕ್ಲಿಕ್, ಇದರಿಂದ ಏನೂ ಸಾಬೀತಾಗಲ್ಲ. ಆ ಹೊತ್ತಿನಲ್ಲಿ ಹತ್ತು ಹಳೇ ಗೆಸ್ಟುಗಳಿಗೆ ಫೋನ್ ಮಾಡಿ, ಜಾಸ್ತಿ ವಿಷಯ ಗೊತ್ತಾಗುತ್ತದೆ.

ಒಂದು ಅಂಕಿ ಮಾತ್ರ ಭಯ ಇಟ್ಟುಕೊಂಡು ನೋಡಬೇಕು, ಸ್ಪ್ಯಾಮ್ ದೂರು. ಜಿಮೇಲ್ ಹೇಳುವುದು 0.1 ಶೇಕಡಾದ ಕೆಳಗಿರಲಿ, 0.3 ಮುಟ್ಟಲೇಬಾರದು ಅಂತ. 1,000 ಮೇಲ್‌ಗೆ ಮೂರು ಜನ ಸ್ಪ್ಯಾಮ್ ಒತ್ತಿದರೆ ಮುಗಿಯಿತು. ಇದಕ್ಕೇ ಅನ್‌ಸಬ್‌ಸ್ಕ್ರೈಬ್ ಲಿಂಕನ್ನು ಕೆಳಗೆ ಬೂದು ಬಣ್ಣದಲ್ಲಿ ಬಚ್ಚಿಡಬೇಡಿ ಅನ್ನೋದು. ಹೋಗುವವರಿಗೆ ಬಾಗಿಲು ತೆರೆದಿದ್ದರೆ ಹೋಗುವಾಗ ಬೈದುಕೊಂಡು ಹೋಗಲ್ಲ.

ವರ್ಷಕ್ಕೆರಡು ಸಲ ಕ್ಲೀನಿಂಗ್

ಬೌನ್ಸ್ ಎರಡು ಥರ. ವಿಳಾಸವೇ ಇಲ್ಲ ಅನ್ನುವುದು ಹಾರ್ಡ್ ಬೌನ್ಸ್, ಅದನ್ನು ಸಾಫ್ಟ್‌ವೇರ್ ತಾನೇ ಪಕ್ಕಕ್ಕಿಡುತ್ತದೆ. ಇನ್‌ಬಾಕ್ಸ್ ತುಂಬಿದೆ ಅನ್ನುವಂಥದ್ದು ಸಾಫ್ಟ್ ಬೌನ್ಸ್, ಕೆಲವು ಸಲ ನೋಡಿ ಬಿಡಬಹುದು. ಒಂದು ವರ್ಷದಿಂದ ಕ್ಲಿಕ್ಕೂ ಇಲ್ಲ, ಆರ್ಡರೂ ಇಲ್ಲ, ಉತ್ತರವೂ ಇಲ್ಲ ಅನ್ನುವವರನ್ನು ಒಂದು ಸೆಗ್‌ಮೆಂಟ್ ಮಾಡಿ, "ಇನ್ನೂ ಮೇಲ್ ಬೇಕಾದರೆ ಇಲ್ಲಿ ಒತ್ತಿ, ಇಲ್ಲದಿದ್ದರೆ ಇದೇ ಕೊನೆ" ಅಂತ ಒಂದು ಕಳಿಸಿ. ಒತ್ತದವರನ್ನು ಆರ್ಕೈವ್ ಮಾಡಿ, ಅಂದರೆ ಲಿಸ್ಟಿನಿಂದ ಎತ್ತಿ ಪಕ್ಕಕ್ಕಿಡಿ. ಮನಸ್ಸು ಬರಲ್ಲ, ಗೊತ್ತು, ಆದರೂ ಮಾಡಿ.

ಇದರಿಂದ ಬಿಲ್ಲೂ ಇಳಿಯುತ್ತದೆ. ಮೇಲ್‌ಚಿಂಪ್‌ನಂಥವು ಕಾಂಟ್ಯಾಕ್ಟ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತವೆ, ಅಲ್ಲಿ ಅನ್‌ಸಬ್‌ಸ್ಕ್ರೈಬ್ ಆದವರನ್ನೂ ಆರ್ಕೈವ್ ಮಾಡುವವರೆಗೆ ಲೆಕ್ಕಕ್ಕೆ ಹಿಡಿಯುತ್ತಾರೆ. ಬ್ರೆವೋ ಮುಖ್ಯವಾಗಿ ಕಳಿಸಿದ ಮೇಲ್ ಲೆಕ್ಕದಲ್ಲಿ. ದೊಡ್ಡ ಲಿಸ್ಟ್ ಇದ್ದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಕಳಿಸುವ ಹೋಂಸ್ಟೇಗೆ ಎರಡನೇ ಥರದ್ದು ಒಳ್ಳೆಯದು. ಚಿಕ್ಕ ಲಿಸ್ಟಿಗೆ ತಿಂಗಳು ತಿಂಗಳು ಕಳಿಸುವ ಕಾಫಿ ವ್ಯಾಪಾರಕ್ಕೆ ಮೊದಲನೇದು ಸಾಕು.

ಸಾಫ್ಟ್‌ವೇರ್ ಬದಲಿಸುವುದಾದರೆ ಮರೆಯದೆ ಅನ್‌ಸಬ್‌ಸ್ಕ್ರೈಬ್ ಆದವರ ಪಟ್ಟಿಯನ್ನೂ ಬೇರೆ ಫೈಲ್‌ನಲ್ಲಿ ಇಳಿಸಿಕೊಳ್ಳಿ, ಹೊಸದರಲ್ಲಿ "ಕಳಿಸಬಾರದವರು" ಅನ್ನುವ ಕಡೆ ಮೊದಲು ಅದನ್ನೇ ಏರಿಸಿ, ಆಮೇಲೆ ಉಳಿದವರನ್ನು. ಕಂಪ್ಯೂಟರಿನಲ್ಲಿ ಎಲ್ಲೋ ಬಿದ್ದಿರುವ ಮೂರು ವರ್ಷದ ಹಳೇ ಎಕ್ಸೆಲ್ ಇದ್ದರೆ ಅದನ್ನು ಅಳಿಸಿಬಿಡಿ, ಯಾರಾದರೂ ಗೊತ್ತಿಲ್ಲದೆ ಅದನ್ನೇ ಏರಿಸುವ ಮುಂಚೆ.